ಸಂಜೀವಕವೋ, ಚೋದಕವೋ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಎಂಬ ಗಾದೆಯನ್ನು ಕನ್ನಡ ಶಾಲೆಯ ಮಕ್ಕಳು ಅಕ್ಷರ ಕಲಿತ ಹೊಸತರಲ್ಲೇ ಬಾಯಿಪಾಠ ಮಾಡುತ್ತಾರೆ. ಅಡುಗೆಮನೆಯಲ್ಲಿ ಈ ಮಾತಿಗೆ ಎದುರಿಲ್ಲ. ಆದರೆ ಹೊಲದ ಬದುವಿನ ಮೇಲೆ ನಿಂತವನಿಗೆ ಉಪ್ಪಿನ ಇನ್ನೊಂದು ಮುಖವೂ ಗೊತ್ತು. ಬೇಸಿಗೆಯ ಬೆಳಗಿನಲ್ಲಿ ತಗ್ಗಿನ ಹೊಲದ ಮೇಲೆ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಹರಡಿಕೊಂಡು, ಬಿತ್ತಿದ ಬೀಜವನ್ನು ಮೊಳಕೆಯಲ್ಲೇ ನುಂಗಿ, ಹುಟ್ಟಿದ ಪೈರಿನ ಎಲೆತುದಿಯನ್ನು ಸುಡುವ ಉಪ್ಪು ಅದು. ಅಂಥ ನೆಲಕ್ಕೆ ಹಿರಿಯರು ಸವಳು ಎನ್ನುತ್ತಾರೆ. ನೀರು ನಿಂತು ಕೆಟ್ಟುದಕ್ಕೆ ಜವಳು ಎನ್ನುತ್ತಾರೆ. ಎರಡೂ ಬಹುತೇಕ ಕೂಡಿಯೇ ಬರುವುದರಿಂದ ಸವಳು-ಜವಳು ಎಂಬ ಜೋಡುಪದವೇ ರೂಢಿಯಾಗಿದೆ.

ಸಾಂಗಲಿ ಜಿಲ್ಲೆಯಲ್ಲಿ ಈ ಪದದ ಅರ್ಥ ತಿಳಿಯಲು ದೂರ ಹೋಗಬೇಕಿಲ್ಲ. ಕೃಷ್ಣೆಯ ದಂಡೆಯ ವಾಳವಾ, ಮಿರಜ, ಪಲೂಸ ತಾಲೂಕುಗಳಲ್ಲಿ, ನೆರೆಯ ಕೊಲ್ಲಾಪುರ ಜಿಲ್ಲೆಯ ಶಿರೋಳದಲ್ಲಿ, ಒಂದು ಕಾಲಕ್ಕೆ ಕಬ್ಬು ತುಂಬಿದ್ದ ಕಪ್ಪು ಮಣ್ಣಿನ ಎಷ್ಟೋ ಹೊಲಗಳು ಅತಿಯಾದ ನೀರಿನಿಂದಲೇ ಸವಳಾಗಿವೆ. ಜತ್ತ ತಾಲೂಕಿನ ಸೊರಡಿಯಂಥ ಊರಿನವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ನೀರಿಲ್ಲದೆ ತಲೆತಲಾಂತರದಿಂದ ಬಳಲಿದವರಿಗೆ, ನೀರು ಹೆಚ್ಚಾಗಿ ನೆಲ ಕೆಟ್ಟಿತೆಂಬ ಮಾತು ಹಸಿದವರೆದುರು ಅಜೀರ್ಣದ ಕಥೆ ಹೇಳಿದಂತೆ. ಆದರೆ ಮ್ಹೈಸಾಳದಲ್ಲಿ ಕೃಷ್ಣೆಯಿಂದ ಎತ್ತಿದ ನೀರು ಜತ್ತ ಸೀಮೆಯತ್ತ ಹರಿಯುತ್ತಿರುವ ಈ ದಿನಗಳಲ್ಲಿ ಆ ಕಥೆಯನ್ನು ಮೊದಲೇ ಕೇಳಿಸಿಕೊಳ್ಳುವುದು ಲೇಸು.

ಸೊರಡಿಯ ಒಂದು ರೈತ ಕುಟುಂಬಕ್ಕೆ ಆ ಕಥೆ ಒಂದು ಬಾಟಲಿಯ ರೂಪದಲ್ಲಿ ಮನೆಬಾಗಿಲಿಗೆ ಬಂತು. ಎರಡು ಎಕರೆ ದ್ರಾಕ್ಷಿ, ಮೇಲಿನ ಹೊಲದಲ್ಲಿ ಬಿಳಿಜೋಳ, ಮಳೆ ಕೈಹಿಡಿದರೆ ಸಜ್ಜೆ. ಕೊಳವೆಬಾವಿಯ ನೀರು, ಅದೂ ಸವಳು. ಇದು ಆ ಮನೆಯ ಬದುಕು. ದ್ರಾಕ್ಷಿಯ ಕೆಳಬದಿಯ ಕೆಲವು ಸಾಲುಗಳಲ್ಲಿ ಎರಡು ವರ್ಷಗಳಿಂದ ಎಲೆಯ ಅಂಚು ಸುಟ್ಟಂತೆ ಒಣಗುತ್ತಿತ್ತು. ಔಷಧ ಮಾರುವವನು ತೋರಿಸಿದ ಬಾಟಲಿಯ ಮೇಲೆ ಹಚ್ಚಹಸಿರು ಭತ್ತದ ಗದ್ದೆಯ ಚಿತ್ರವಿತ್ತು. ಹಾರ್ಮೋನು ಮತ್ತು ಪೋಷಕಾಂಶಗಳಿಂದ ಬೆಳೆಗೆ ಉಪ್ಪು ತಾಳುವ ಬಲ ಬರುವುದೆಂಬ ಭರವಸೆಯಿತ್ತು. ಒಂದು ಹಂಗಾಮಿಗೆ ಬೇಕಾಗುವ ಬಾಟಲಿಗಳ ಬೆಲೆಯೂ, ಮಗಳ ಮುಂದಿನ ಓದಿಗೆಂದು ತೆಗೆದಿರಿಸಿದ ಹಣವೂ ಹೆಚ್ಚುಕಡಿಮೆ ಸಮವಾಗಿದ್ದವು. ಮಗಳು ಕನ್ನಡ ಮಾಧ್ಯಮದ ಒಂಬತ್ತನೆಯ ಇಯತ್ತೆಯವಳು. ಮಾದರಿಗೆಂದು ಬಿಟ್ಟುಹೋದ ಬಾಟಲಿಯನ್ನು ತಿರುಗಿಸಿ ನೋಡಿ, "ಅಪ್ಪಾ, ಇದು ಎಣ್ಣಿ ಏನು, ಗೊಬ್ಬರ ಏನು?" ಎಂದು ಕೇಳಿದಳು.

"ಎರಡೂ ಅಲ್ಲಂತವ್ವಾ. ಸಂಜೀವಕ ಅಂತ. ಹಾರ್ಮೋನು."

"ಹಾರ್ಮೋನು ನಮ್ಮ ಪುಸ್ತಕದಾಗೂ ಐತಿ."

ಆ ಮನೆಯಲ್ಲಿ ವಿಜ್ಞಾನದ ಪುಸ್ತಕವನ್ನು ಪರೀಕ್ಷೆಗಲ್ಲದೆ ಬೇರೊಂದು ಕಾರಣಕ್ಕೆ ತೆರೆದದ್ದು ಅದೇ ಮೊದಲು.

ಬಾಟಲಿಯ ಮೇಲೆ ಭತ್ತದ ಚಿತ್ರವಿದ್ದುದಕ್ಕೆ ಕಾರಣವುಂಟು. ಜತ್ತ ಭತ್ತದ ಸೀಮೆಯಲ್ಲ. ಆದರೆ ಉಪ್ಪಿನೊಡನೆ ಸಸ್ಯ ಹೇಗೆ ಸೆಣಸುತ್ತದೆ ಎಂಬುದರಲ್ಲಿ ಬಹಳಷ್ಟನ್ನು ವಿಜ್ಞಾನ ಭತ್ತದಿಂದಲೇ ಕಲಿತಿದೆ. ಏಕೆಂದರೆ ಧಾನ್ಯಗಳಲ್ಲಿ ಅದು ಉಪ್ಪಿಗೆ ಬಹಳ ಸುಕುಮಾರ. ಮಣ್ಣಿನಲ್ಲಿ ಕರಗಿದ ಉಪ್ಪನ್ನು ಮಣ್ಣಿನ ರಸದಲ್ಲಿ ವಿದ್ಯುತ್ತು ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದರಿಂದ ಅಳೆಯುತ್ತಾರೆ. ಮೀಟರಿಗೆ ಇಷ್ಟು ಡೆಸಿಸೀಮನ್ಸ್ ಎಂಬುದು ಆ ಅಳತೆಯ ಹೆಸರು. ಈ ಅಳತೆಯಲ್ಲಿ 4ನ್ನು ದಾಟಿದ ಮಣ್ಣು ಸವಳು. ಕೃಷಿ ವಿಜ್ಞಾನಿಗಳು ಬಳಸುವ ಕೋಷ್ಟಕಗಳ ಪ್ರಕಾರ ಭತ್ತದ ಇಳುವರಿ 3ರಿಂದಲೇ ಕುಸಿಯತೊಡಗಿ, ಮುಂದಿನ ಒಂದೊಂದು ಅಂಕಕ್ಕೂ ಶೇಕಡಾ 12ರಷ್ಟು ಇಳಿಯುತ್ತದೆ. ಸೀಮೆಯ ಹಳೆಯ ಬೆಳೆಯಾದ ಜೋಳ 6.8ರವರೆಗೆ ತಡೆದುಕೊಳ್ಳುತ್ತದೆ. ಹೊಸದಾಗಿ ಬಂದ ಹಣದ ಬೆಳೆಗಳಲ್ಲಿ ಕಬ್ಬು 1.7ಕ್ಕೆ, ದ್ರಾಕ್ಷಿ 1.5ಕ್ಕೆ ಸೋಲತೊಡಗುತ್ತವೆ. ಜೋಳದ ರೊಟ್ಟಿ ಉಂಡು ಬೆಳೆದ ಊರು ದ್ರಾಕ್ಷಿಯನ್ನು ನೆಚ್ಚಿದಾಗ, ಉಪ್ಪಿನ ವಿಷಯದಲ್ಲಿ ಭತ್ತಕ್ಕಿಂತಲೂ ಮೆದುವಾದ ಬೆಳೆಯನ್ನು ನೆಚ್ಚಿದೆ ಎಂದಂತಾಯಿತು.

ಉಪ್ಪು ಪೈರಿಗೆ ಎರಡು ಪೆಟ್ಟು ಕೊಡುತ್ತದೆ. ಮೊದಲನೆಯದು ಬಾಯಾರಿಕೆಯ ಪೆಟ್ಟು. ಉಪ್ಪಿನಕಾಯಿಯ ಭರಣಿಯಲ್ಲಿ ಹೋಳುಗಳಿಂದ ನೀರು ಹೊರಬರುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬೇರಿನ ಸುತ್ತ ಉಪ್ಪು ಹೆಚ್ಚಾದರೆ, ನೀರು ಕಣ್ಣೆದುರು ಇದ್ದರೂ ಬೇರು ಅದನ್ನು ಹೀರಲಾರದು. ಹಸಿ ನೆಲದಲ್ಲೇ ಪೈರು ಬರಗಾಲ ಕಾಣುತ್ತದೆ. ಎರಡನೆಯದು ನಿಧಾನದ ಪೆಟ್ಟು. ಉಪ್ಪಿನಲ್ಲಿರುವ ಸೋಡಿಯಂ ಬೇರಿನ ಬಾಗಿಲು ದಾಟಿ, ಹೀರಿದ ನೀರಿನೊಡನೆ ಏರಿ ಎಲೆಯಲ್ಲಿ ತಂಗುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಸೋಡಿಯಂ ಉಳಿಯುತ್ತದೆ. ಮೊದಲು ಒಣಗುವುದು ಹಳೆಯ ಎಲೆಗಳ ತುದಿ ಮತ್ತು ಅಂಚು. ಏಕೆಂದರೆ ಹೆಚ್ಚು ದಿನಗಳ ಉಪ್ಪು ಅವುಗಳಲ್ಲೇ ಕೂಡಿಬಿದ್ದಿರುತ್ತದೆ.

ಈ ಎರಡು ಪೆಟ್ಟುಗಳ ನಡುವೆ ಕೆಲಸ ಮಾಡುವವು ಹಾರ್ಮೋನುಗಳು. ಸಸ್ಯಕ್ಕೆ ನರಗಳಿಲ್ಲ, ಬೇರಿಗಾದ ಸಂಕಟವನ್ನು ಎಲೆಗೆ ತಿಳಿಸಲು ಅದು ಅತ್ಯಲ್ಪ ಪ್ರಮಾಣದ ರಾಸಾಯನಿಕಗಳನ್ನು ಬಳಸುತ್ತದೆ. ಉಪ್ಪು ತಗುಲಿದೊಡನೆ ಹೆಚ್ಚುವ ಅಬ್ಸಿಸಿಕ್ ಆಮ್ಲ ಅಂಥದೊಂದು. ಅದರ ಕರೆ ಮುಟ್ಟಿದಾಗ ಎಲೆಯ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಂಡು ನೀರು ಉಳಿಯುತ್ತದೆ. ಉಳಿತಾಯಕ್ಕೆ ಬೆಲೆಯೂ ಇದೆ: ರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡು ಒಳಬಾರದು, ಅನ್ನ ತಯಾರಾಗದು, ಬೆಳವಣಿಗೆ ನಿಲ್ಲುತ್ತದೆ. ಬೆಳೆಯಲು ಹೇಳುವ ಹಾರ್ಮೋನು ಜಿಬ್ಬರೆಲಿನ್. ಉಪ್ಪಿನ ಸಂಕಟದಲ್ಲಿ ಅದು ತಗ್ಗುತ್ತದೆ. ನಿಲ್ಲು ಎನ್ನುವುದಕ್ಕೂ ಬೆಳೆ ಎನ್ನುವುದಕ್ಕೂ ನಡುವೆ ಹದ ಕಂಡುಕೊಂಡ ಪೈರು ಬದುಕುತ್ತದೆ.

ಜಿಬ್ಬರೆಲಿನ್ ಎಂಬ ಹೆಸರು ಹೊಸದಾದರೂ ವಸ್ತು ದ್ರಾಕ್ಷಿ ಸೀಮೆಗೆ ಹೊಸದಲ್ಲ. ತಾಸಗಾಂವದಿಂದ ಜತ್ತದವರೆಗೆ ಬೆಳೆಗಾರರು ಗೊನೆಗಳನ್ನು ಅದ್ದುವ 'ಜಿಎ' ಅದೇ. ಕಾಳು ಉದ್ದವಾಗಿ ದಪ್ಪವಾಗಲೆಂದು ಅದ್ದುವ ಈ ದ್ರಾವಣದ ಮೂಲ ಇರುವುದು ಭತ್ತದ ಒಂದು ರೋಗದಲ್ಲಿ. ಜಪಾನಿನ ಗದ್ದೆಗಳಲ್ಲಿ ಕೆಲವು ಸಸಿಗಳು ಹುಚ್ಚುಹುಚ್ಚಾಗಿ ಎತ್ತರ ಬೆಳೆದು, ತೆನೆ ಕಟ್ಟದೆ ಬಾಗಿ ಬೀಳುತ್ತಿದ್ದವು. ಅಲ್ಲಿನವರು ಅದನ್ನು ಬಕಾನೆ ಎಂದರು. ಮಂಕು ಸಸಿ ಎಂಬಂಥ ಅರ್ಥ. 1926ರಲ್ಲಿ ಎಯಿಚಿ ಕುರೊಸಾವಾ ಎಂಬ ವಿಜ್ಞಾನಿ, ರೋಗದ ಶಿಲೀಂಧ್ರ ಬೆಳೆದ ದ್ರವವನ್ನು ಸೋಸಿ ಸಸಿಗಳಿಗೆ ಕೊಟ್ಟಾಗ ಶಿಲೀಂಧ್ರವಿಲ್ಲದೆಯೂ ಅವು ಹಾಗೆಯೇ ಬೆಳೆದುದನ್ನು ತೋರಿಸಿದರು. 1935ರಲ್ಲಿ ತೆಯಿಜಿರೊ ಯಬುತಾ ಆ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಅದು ಸಸ್ಯಗಳ ಒಳಗೂ ಇರುವ ಹಾರ್ಮೋನೆಂಬುದು ಮುಂದೆ ಗೊತ್ತಾಯಿತು. ಅಳತೆಯಲ್ಲಿದ್ದಾಗ ಬೆಳವಣಿಗೆ, ಮೀರಿದಾಗ ರೋಗ. ಒಂದೇ ವಸ್ತುವಿನ ಎರಡು ಮುಖಗಳನ್ನು ಭತ್ತ ತೋರಿಸಿಕೊಟ್ಟಿತು. ಜಿಎ ಹೆಚ್ಚಾದರೆ ಗೊನೆಯ ತೊಟ್ಟು ದಪ್ಪಗಾಗಿ ಒರಟಾಗುವುದನ್ನು ದ್ರಾಕ್ಷಿ ಬೆಳೆಗಾರರೂ ಕಂಡಿದ್ದಾರೆ.

ಇಂಥ ವಸ್ತುಗಳಿಗೆ ಮರಾಠಿಯಲ್ಲಿ ಸಂಜೀವಕ ಎಂಬ ಹೆಸರು. ಕನ್ನಡದ ವಿಜ್ಞಾನ ಬರಹಗಾರರು ಬಳಸಿದ ಮಾತು ಚೋದಕ. ಎರಡು ಭಾಷೆಗಳ ನಡುವೆ ಬದುಕುವ ಮನೆಗಳ ಮಕ್ಕಳಿಗೆ ಈ ವ್ಯತ್ಯಾಸ ಕೂಡಲೇ ಹೊಳೆಯಬೇಕು. ಸಂಜೀವಕ ಎಂದಾಗ ಹನುಮಂತ ಹೊತ್ತು ತಂದ ಬೆಟ್ಟ ನೆನಪಾಗುತ್ತದೆ. ಸತ್ತುದನ್ನು ಬದುಕಿಸುವ ಮಾತಾಗುತ್ತದೆ. ಚೋದಕ ಎಂದರೆ ಪ್ರೇರಿಸುವಂಥದು, ಎತ್ತಿಗೆ ಬಾರುಕೋಲಿದ್ದಂತೆ. ಮೈಯಲ್ಲಿ ಕಸುವಿದ್ದ ಎತ್ತು ಬಾರುಕೋಲಿನ ಸನ್ನೆಗೆ ಏರು ಹತ್ತೀತು. ಬಂಡಿಯ ಭಾರವನ್ನು ಬಾರುಕೋಲು ಎಳೆಯದು. ಉಪ್ಪಿನ ನೆಲದಲ್ಲಿ ಹಾರ್ಮೋನುಗಳು ಮಾಡುವ ಕೆಲಸಕ್ಕೆ ಎರಡನೆಯ ಹೆಸರೇ ಸರಿಯಾದುದು.

ಹಾಗೆಂದು ಆ ಕೆಲಸ ಅಲ್ಪವೆಂದಲ್ಲ. ಭತ್ತದ ಬೀಜವನ್ನು ಬಿತ್ತುವ ಮುನ್ನ ಸ್ಯಾಲಿಸಿಲಿಕ್ ಆಮ್ಲದ ಅತಿ ತೆಳುವಾದ ದ್ರಾವಣದಲ್ಲಿ ನೆನೆಸಿದರೆ, ಉಪ್ಪುನೀರಿನಲ್ಲೂ ಸಸಿಗಳು ಹೆಚ್ಚು ಸಮವಾಗಿ ಏಳುವುದನ್ನು ಹಲವು ಪ್ರಯೋಗಗಳು ತೋರಿಸಿವೆ. ತಲೆನೋವಿನ ಆಸ್ಪಿರಿನ್ ಮಾತ್ರೆಗೆ ಹತ್ತಿರದ ನಂಟಿರುವ ಈ ಆಮ್ಲ ಸಸ್ಯದೊಳಗೂ ಹುಟ್ಟುತ್ತದೆ. ಬ್ರಾಸಿನೋಸ್ಟಿರಾಯ್ಡ್ ಎಂಬ ಇನ್ನೊಂದು ಬಗೆಯ ಹಾರ್ಮೋನಿನಿಂದಲೂ ಇಂಥ ಫಲ ಕಂಡಿದೆ. ಆದರೆ ಫಲ ನಿಂತಿರುವುದು ಹೊತ್ತಿನ ಮೇಲೆ ಮತ್ತು ಹದದ ಮೇಲೆ. ಭತ್ತ ಮೊಳೆಯುವಾಗ ಉಪ್ಪನ್ನು ಸಾಕಷ್ಟು ಸಹಿಸುತ್ತದೆ, ಎರಡು ಮೂರು ಎಲೆಯ ಸಸಿಯಾದಾಗ ತತ್ತರಿಸುತ್ತದೆ, ತೆಂಡೆಯೊಡೆಯುವಾಗ ಚೇತರಿಸಿಕೊಳ್ಳುತ್ತದೆ, ಹೂ ಬಿಡುವಾಗ ಮತ್ತೆ ಸೋಲುತ್ತದೆ. ಆಪತ್ತಿನ ಆ ಎರಡು ಘಟ್ಟಗಳನ್ನು ತಪ್ಪಿಸಿ ಸಿಂಪಡಿಸಿದ ಹಾರ್ಮೋನು ಎಷ್ಟೇ ಬೆಲೆಯದಾದರೂ ವ್ಯರ್ಥ. ಕುಂಡದಲ್ಲಿ ಕಂಡ ಲಾಭ ಹೊಲದಲ್ಲಿ ಅಷ್ಟೇ ಕಾಣುವುದೂ ಇಲ್ಲ. ಕುಂಡದ ಉಪ್ಪನ್ನು ಅಳೆದು ಹಾಕಿರುತ್ತಾರೆ, ಹೊಲದ ಉಪ್ಪು ಬಿಸಿಲಿಗೆ ಏರುತ್ತದೆ, ಮಳೆಗೆ ಇಳಿಯುತ್ತದೆ.

ಪೋಷಕಾಂಶಗಳ ಮಾತು ಇನ್ನಷ್ಟು ಗಟ್ಟಿಯಾದುದು. ಸೋಡಿಯಂ ಮತ್ತು ಪೊಟ್ಯಾಸಿಯಂ ಬೇರಿನ ಬಾಗಿಲಿಗೆ ಬರುವ ದಾಯಾದಿಗಳಂತೆ. ರೂಪದಲ್ಲಿ ಹೋಲಿಕೆಯುಂಟು, ಗುಣದಲ್ಲಿ ಇಲ್ಲ. ಪೊಟ್ಯಾಸಿಯಂ ಜೀವಕೋಶದ ಕೆಲಸಗಾರ. ಅದರ ಜಾಗದಲ್ಲಿ ಸೋಡಿಯಂ ಕುಳಿತರೆ ಕೆಲಸ ನಿಲ್ಲುತ್ತದೆ. ಮಣ್ಣಿನಲ್ಲಿ ಪೊಟ್ಯಾಷ್ ಕೊರತೆಯಿಲ್ಲದಂತೆ ನೋಡಿಕೊಂಡರೆ ಪೈರು ತನಗೆ ಬೇಕಾದುದನ್ನು ಆರಿಸಿಕೊಳ್ಳಬಲ್ಲದು. ಕ್ಯಾಲ್ಸಿಯಂ ಬೇರಿನ ಪೊರೆಯನ್ನು ಬಿಗಿಯಾಗಿಟ್ಟು ಕಾವಲು ಕಾಯುತ್ತದೆ. ಸತುವಿನ ಕಥೆ ನಮ್ಮ ದೇಶದ್ದೇ. ಉತ್ತರದ ತರಾಯಿ ಸೀಮೆಯ ಭತ್ತದಲ್ಲಿ ಎಲೆಗಳು ತುಕ್ಕುಹಿಡಿದಂತಾಗುವ ಖೈರಾ ಎಂಬ ಬೇನೆ ಇತ್ತು. ಅದು ಯಾವ ರೋಗಾಣುವಿನಿಂದಲೂ ಅಲ್ಲ, ಸತುವಿನ ಕೊರತೆಯಿಂದ ಎಂದು 1960ರ ದಶಕದಲ್ಲಿ ಪಂತನಗರದ ವೈ. ಎಲ್. ನೆನೆ ಕಂಡುಹಿಡಿದರು. ಕ್ಷಾರದ ನೆಲದಲ್ಲಿ ಸತು ಮಣ್ಣಿಗೆ ಅಂಟಿಕೊಂಡು ಬೇರಿಗೆ ದಕ್ಕುವುದಿಲ್ಲ. ಇನ್ನು ಸಿಲಿಕಾನ್: ಭತ್ತ ಅದನ್ನು ಬೇರೆ ಧಾನ್ಯಗಳಿಗಿಂತ ಹೆಚ್ಚಾಗಿ ಹೀರುತ್ತದೆ. ಅದು ಬೇರಿನ ಒಳಪದರದಲ್ಲಿ ಗಾರೆಯಂತೆ ಕುಳಿತು, ಕೋಶಗಳ ಸಂದಿಯಿಂದ ಸೋಡಿಯಂ ನುಸುಳುವ ಕಳ್ಳದಾರಿಯನ್ನು ಕಿರಿದಾಗಿಸುತ್ತದೆ. ಭತ್ತದ ಹೊಟ್ಟನ್ನು ಸುಟ್ಟ ಬೂದಿಯ ಬಹುಭಾಗ ಈ ಸಿಲಿಕಾವೇ.

ಇಷ್ಟೆಲ್ಲ ಓದಿದ ಮೇಲೂ ತಂದೆಯ ಪ್ರಶ್ನೆ ಉಳಿದೇ ಇತ್ತು. ಹಾರ್ಮೋನು ಪೈರಿಗೆ ಧೈರ್ಯ ಹೇಳೀತು. ಪೊಟ್ಯಾಷ್ ಬಾಗಿಲು ಕಾದೀತು. ಆದರೆ ಹೊಲದ ಉಪ್ಪು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಸಿಂಪಡಣೆ ಮುಗಿದ ಮರುದಿನವೂ ಅದು ಅಷ್ಟೇ ಇರುತ್ತದೆ. ಮುಂದಿನ ನೀರಿನೊಡನೆ ಇನ್ನಷ್ಟು ಬರುತ್ತದೆ.

ಎಷ್ಟು ಬರುತ್ತದೆಂಬುದನ್ನು ಮಗಳು ಲೆಕ್ಕ ಹಾಕಿದಳು. ಒಂದು ಲೀಟರ್ ನೀರಿನಲ್ಲಿ ಅರ್ಧ ಗ್ರಾಂ ಉಪ್ಪು ಇದೆಯೆಂದು ಹಿಡಿಯೋಣ. ನಾಲಿಗೆಗೆ ಅದು ಹೆಚ್ಚೇನೂ ತಿಳಿಯದು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರು. ವರ್ಷದಲ್ಲಿ ಒಟ್ಟು ಒಂದು ಮೀಟರು ಆಳದಷ್ಟು ನೀರು ಕೊಟ್ಟರೆ 4,047 ಘನ ಮೀಟರು, ಅಂದರೆ 40 ಲಕ್ಷ 47 ಸಾವಿರ ಲೀಟರು. ಅದರಲ್ಲಿನ ಉಪ್ಪು ಎರಡು ಟನ್ನಿಗೂ ಮಿಕ್ಕು. ಐವತ್ತು ಕಿಲೋದ ನಲವತ್ತು ಚೀಲ! ಯಾವ ರೈತನೂ ಕಣ್ಣಾರೆ ಕಂಡು ನಲವತ್ತು ಚೀಲ ಉಪ್ಪನ್ನು ಹೊಲಕ್ಕೆ ಸುರಿಯಲಾರ. ನೀರಿನಲ್ಲಿ ಕರಗಿ ಬಂದಾಗ ಮಾತ್ರ ಅದು ಕಾಣಿಸುವುದಿಲ್ಲ. ಪೈರು ನೀರನ್ನು ಕುಡಿದು ಉಪ್ಪಿನ ಬಹುಪಾಲನ್ನು ಮಣ್ಣಿಗೇ ಬಿಡುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ವರ್ಷದಿಂದ ವರ್ಷಕ್ಕೆ ಕೂಡುತ್ತಲೇ ಇರುತ್ತದೆ.

ಉಪ್ಪನ್ನು ತಾಳುವ ವಿದ್ಯೆಯಲ್ಲಿ ಎಲ್ಲರಿಗಿಂತ ಪಳಗಿದ ಭತ್ತವೂ ಈ ಲೆಕ್ಕವನ್ನು ಮರೆತಿಲ್ಲ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ಸೀಮೆಯಲ್ಲಿ ಅಘನಾಶಿನಿ ನದಿ ಕಡಲು ಸೇರುವಲ್ಲಿ ಗಜನಿ ಎಂಬ ತಗ್ಗು ಗದ್ದೆಗಳಿವೆ. ಭರತದ ಉಪ್ಪುನೀರು ಒಳನುಗ್ಗುವ ನೆಲ ಅದು. ಅಲ್ಲಿ ತಲೆಮಾರುಗಳಿಂದ ಬೆಳೆದು ಬಂದ ತಳಿ ಕಗ್ಗ. ಆಳೆತ್ತರಕ್ಕೆ ಸಮೀಪಿಸುವ ಪೈರು, ನೆರೆಯಲ್ಲಿ ಮುಳುಗಿದರೂ ಕೆಲವು ದಿನ ಬದುಕುವ ಗಟ್ಟಿತನ, ಗೊಬ್ಬರ ಬೇಡದ ಸ್ವಭಾವ ಅದರದು. ಆದರೆ ಕಗ್ಗವನ್ನು ಬೇಸಿಗೆಯ ಉಪ್ಪಿನಲ್ಲಿ ಬಿತ್ತುವುದಿಲ್ಲ. ಮುಂಗಾರಿನ ಮಳೆ ಸುರಿದು, ಗದ್ದೆಯ ಉಪ್ಪು ತೊಳೆದು ಹೊರಹೋದ ಮೇಲೆಯೇ ಮೊಳಕೆ ಕಟ್ಟಿದ ಬೀಜ ಬೀಳುತ್ತದೆ. ಒಡ್ಡು ಮತ್ತು ತೂಬುಗಳು ಕಡಲ ನೀರನ್ನು ತಡೆಯುತ್ತವೆ. ಕೇರಳದ ಪೊಕ್ಕಾಲಿಯ ಪದ್ಧತಿಯೂ ಇಂಥದೇ. ಉಪ್ಪು ತಾಳುವ ಹೊಸ ತಳಿಗಳನ್ನು ರೂಪಿಸಲು ವಿಜ್ಞಾನಿಗಳು ಬಳಸುವ ಸಾಲ್ಟಾಲ್ ಎಂಬ ವಂಶವಾಹಿ ಭಾಗ ಬಂದುದು ಆ ಪೊಕ್ಕಾಲಿಯಿಂದ. ಬಂಗಾಳದ ಸೀಮೆಯ ನೋನಾ ಬೋಕ್ರಾ ಎಂಬ ತಳಿಯಲ್ಲಿ, ನೀರಿನೊಡನೆ ಎಲೆಗೆ ಏರುತ್ತಿರುವ ಸೋಡಿಯಂ ಅನ್ನು ನಡುದಾರಿಯಲ್ಲೇ ಹಿಂದಕ್ಕೆ ತೆಗೆಯುವ ವಂಶವಾಹಿಯನ್ನು 2005ರಲ್ಲಿ ಗುರುತಿಸಲಾಯಿತು. ದ್ರಾಕ್ಷಿಯವರಿಗೂ ಈ ತತ್ವ ಅಪರಿಚಿತವಲ್ಲ. ಡಾಗ್‌ರಿಜ್ ಬೇರಿನ ಮೇಲೆ ಬೇಕಾದ ತಳಿಯ ಕಸಿ ಕಟ್ಟುವುದು, ಸವಳು ನೀರನ್ನು ಎದುರಿಸುವ ಹೊಣೆಯನ್ನು ಗಟ್ಟಿ ಬೇರಿಗೆ ಒಪ್ಪಿಸುವುದೇ ಆಗಿದೆ.

ಕುಮಟಾದಲ್ಲಿ ಮಳೆ ಮಾಡುವ ಕೆಲಸವನ್ನು ಬಯಲುಸೀಮೆಯಲ್ಲಿ ಮನುಷ್ಯನೇ ಮಾಡಬೇಕು. ತುಂಗಭದ್ರೆಯ ಕಾಲುವೆಗಳು ಹರಿದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸೀಮೆ ಭತ್ತದ ಕಣಜವಾಯಿತು. ಕೆಳಭಾಗದ ಹೊಲಗಳು ಅದೇ ನೀರಿನಿಂದ ಸವಳಾದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ವರ್ಷಗಟ್ಟಲೆ ಕೆಲಸ ಮಾಡುತ್ತಿರುವುದು ಈ ನೆಲಗಳ ಮೇಲೆಯೇ. ಅಲ್ಲಿಯೂ, ಬೆಳಗಾವಿ ಜಿಲ್ಲೆಯ ಉಗಾರದಲ್ಲಿಯೂ, ಶಿರೋಳದ ದತ್ತ ಸಕ್ಕರೆ ಕಾರ್ಖಾನೆಯ ವ್ಯಾಪ್ತಿಯಲ್ಲಿಯೂ ಹಿಡಿದ ದಾರಿ ಒಂದೇ: ನೆಲದಡಿ ತೂತಿನ ಕೊಳವೆಗಳನ್ನು ಹೂತು, ಬಸಿದ ಉಪ್ಪುನೀರನ್ನು ಹೊರಗೆ ಸಾಗಿಸುವುದು. ಅದು ಒಬ್ಬ ರೈತನ ಕೈಗೆ ಎಟುಕುವ ಖರ್ಚಲ್ಲ. ಒಬ್ಬನ ಹೊಲದಿಂದ ಬಸಿದ ನೀರು ಇನ್ನೊಬ್ಬನ ಹೊಲವನ್ನು ದಾಟಲೇಬೇಕಾದುದರಿಂದ, ನೆರೆಹೊರೆಯವರು ಒಂದಾಗದೆ ಅದು ನಡೆಯುವುದೂ ಇಲ್ಲ. ಕೆಟ್ಟ ಮೇಲೆ ಸರಿಪಡಿಸುವುದಕ್ಕಿಂತ ಕೆಡದಂತೆ ಕಾಯುವುದು ಅಗ್ಗ ಎಂಬುದಕ್ಕೆ ಆ ಊರುಗಳ ಹೊಲಗಳೇ ಸಾಕ್ಷಿ.

ಸೊರಡಿಯ ಆ ಮನೆಯವರು ಬಾಟಲಿಗಳನ್ನು ಕೊಳ್ಳಲಿಲ್ಲ. ಮೊದಲು ಕೆಳಸಾಲುಗಳ ಮಣ್ಣನ್ನೂ ಕೊಳವೆಬಾವಿಯ ನೀರನ್ನೂ ಪರೀಕ್ಷೆಗೆ ಕಳಿಸಿದರು. ಉಪ್ಪು ಹೆಚ್ಚು, ಕ್ಷಾರ ಮಿತಿಯೊಳಗೆ ಎಂದು ಚೀಟಿ ಬಂತು. ಈ ವ್ಯತ್ಯಾಸ ಮುಖ್ಯವಾದುದು. ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿ ನೆಲ ಕ್ಷಾರವಾಗಿದ್ದರೆ, ಅದನ್ನು ಬಿಡಿಸಲು ಕ್ಯಾಲ್ಸಿಯಂ ಇರುವ ಜಿಪ್ಸಂ ಬೇಕು. ಉಪ್ಪು ಬರಿದೆ ಕರಗಿದ್ದರೆ ತೊಳೆದು ಹೊರಗೆ ಬಿಟ್ಟರೆ ಸಾಕು, ಜಿಪ್ಸಂ ಹಾಕುವುದು ಹಣ ಚೆಲ್ಲಿದಂತೆ. ಬೇಸಿಗೆಯಲ್ಲಿ ಮನೆಮಂದಿಯೇ ಸೇರಿ ಹೊಲದ ಕೆಳಬದುವಿನ ಗುಂಟ ಆಳವಾದ ಬಸಿಗಾಲುವೆ ತೋಡಿ, ಹಳ್ಳದ ಕಡೆಗೆ ತಿರುಗಿಸಿದರು. ಬದುವಿನಾಚೆಯ ಹೊಲದವರು ಮೊದಲು ಗೊಣಗಿ, ಮಣ್ಣಿನ ಚೀಟಿ ನೋಡಿ, ತಮ್ಮ ಅಂಚಿನಲ್ಲೂ ಕಾಲುವೆಯನ್ನು ಮುಂದುವರಿಸಿದರು. ಮೇಲಿನ ಹೊಲದ ಮಳೆನೀರನ್ನು ಒಡ್ಡು ಕಟ್ಟಿ ಕೆಳಸಾಲುಗಳಿಗೆ ಹಾಯಿಸುವಂತೆ ಮಾಡಿದರು. ಮಳೆನೀರಿನಷ್ಟು ಉಪ್ಪಿಲ್ಲದ ನೀರು ಬೇರೆ ಎಲ್ಲಿಯೂ ಸಿಗದು. ತೀರ ಕೆಟ್ಟ ಎರಡು ಸಾಲುಗಳನ್ನು ಕಿತ್ತು ಅಲ್ಲಿ ಜೋಳ ಬಿತ್ತಲು ನಿಶ್ಚಯಿಸಿದರು. ಪೊಟ್ಯಾಷನ್ನು ಚೀಟಿಯಲ್ಲಿ ಹೇಳಿದಷ್ಟೇ ಕೊಡುವುದೆಂದಾಯಿತು. ಮಗಳ ಓದಿನ ಹಣ ಟ್ರಂಕಿನಲ್ಲೇ ಉಳಿಯಿತು.

ಮಾದರಿಯ ಬಾಟಲಿಯನ್ನು ಅವರು ಎಸೆಯಲಿಲ್ಲ. ಅದನ್ನು ಒಂದೇ ಸಾಲಿಗೆ ಹೊಡೆದು, ಪಕ್ಕದ ಸಾಲನ್ನು ಹಾಗೆಯೇ ಬಿಟ್ಟು, ಎರಡರ ಎಲೆಗಳನ್ನು ವಾರಕ್ಕೊಮ್ಮೆ ನೋಡಿ ಬರೆಯುವ ಕೆಲಸ ಮಗಳದಾಯಿತು. ವಹಿಯ ಒಂದು ಪುಟಕ್ಕೆ ಅವಳು 'ಚೋದಕ ಕೊಟ್ಟ ಸಾಲು' ಎಂದೂ ಎದುರು ಪುಟಕ್ಕೆ 'ಕೊಡದ ಸಾಲು' ಎಂದೂ ತಲೆಬರಹ ಕೊಟ್ಟಳು. ಕಾಲುವೆಯ ನೀರು ಸೀಮೆಯನ್ನೆಲ್ಲ ತಲುಪುವ ಹೊತ್ತಿಗೆ ಜತ್ತ ತಾಲೂಕಿನ ಮನೆಮನೆಯಲ್ಲೂ ಇಂಥದೊಂದು ವಹಿ ಇರಬೇಕು. ಅದಕ್ಕಿಂತ ಮುಂಚೆ, ಹೊಲಹೊಲಕ್ಕೂ ನೀರು ಹೊರಹೋಗುವ ದಾರಿಯೊಂದು ಇರಬೇಕು.